ರಂಗೂನಿಗೆಂದು ನೇಯ್ದ ಒರಟು ಬಟ್ಟೆ

ನಮ್ಮ ಕೇರಿಗೆ ನೂಲು ಕೊಟ್ಟು ನೇಯಿಸುವ ಮೊದಲಾಳಿ ಗಂಟು ಬಿಚ್ಚಿ ಒಂದು ಅಂಗಿಯನ್ನು ಅಣ್ಣನ ಖಾಲಿ ಮಗ್ಗದ ಮೇಲೆ ಹರಡಿದರು. ಉದ್ದ ತೋಳು, ಕೊರಳಪಟ್ಟಿ ಇಲ್ಲ, ಗುಂಡಿಯ ಬದಲು ಬಟ್ಟೆಯಲ್ಲೇ ಹೆಣೆದ ಗಂಟುಗಳು. ಬಣ್ಣ ಹುರಿದ ಗೋಧಿಯದು. ಯಾರೋ ತೊಟ್ಟು ಬಿಟ್ಟದ್ದು. ಕಂಕುಳಲ್ಲಿ ಬೆವರಿನ ಕಲೆ ಹಾಗೇ ಇತ್ತು.

"ಇದೇನು ಅಂತ ನಿನ್ಗೆ ನಾನು ಏಳ್ಬೇಕಾ?" ಎಂದರು.

ಹೇಳಬೇಕಾಗಿರಲಿಲ್ಲ. ಅದು ಪಿನ್ನಿ. ಬರ್ಮೀಯರು ತಮ್ಮ ಹಳ್ಳಿಗಳಲ್ಲಿ ಕೈಯಲ್ಲೇ ನೂತು ಕೈಯಲ್ಲೇ ನೇಯುವ ಒರಟು ಬಟ್ಟೆ. ನಮ್ಮವರಿಗೆ ಖಾದಿ ಹೇಗೋ ಅಲ್ಲಿನ ಹೋರಾಟದ ಹುಡುಗರಿಗೆ ಇದು ಹಾಗೆ. ಬಿಳಿಯರ ಆಳ್ವಿಕೆ ಬೇಡ, ಪರದೇಶದ ಬಟ್ಟೆ ಬೇಡ ಎನ್ನುವವರೆಲ್ಲ ಇದನ್ನು ತೊಟ್ಟುಕೊಂಡೇ ಬೀದಿಗೆ ಇಳಿಯುತ್ತಿದ್ದರು. ಪರದೇಶದ ಬಟ್ಟೆ ಎಂದರೆ ಅವರ ಲೆಕ್ಕದಲ್ಲಿ ಮ್ಯಾಂಚೆಸ್ಟರಿನದು ಮಾತ್ರವಲ್ಲ, ಸೇಲಂನದೂ ಹೌದು.

ನಾನು ರಂಗೂನಿನಿಂದ ತಿರುಗಿ ಬಂದು ಕೆಲವು ತಿಂಗಳಾಗಿತ್ತು. ಮೂವತ್ತೆಂಟರ ಮಳೆಗಾಲದಲ್ಲಿ ಅಲ್ಲಿ ಇಂಡಿಯಾದವರ ಮೇಲೆ ಗಲಭೆ ಎದ್ದು, ಅಂಗಡಿಗಳು ಸುಟ್ಟು, ಹೊರೆ ಹೊರುವ ನಮ್ಮ ಜನ ಚರಂಡಿಯ ಪಕ್ಕದಲ್ಲಿ ಸತ್ತು ಬಿದ್ದಿದ್ದನ್ನು ನೋಡಿ ಹಡಗು ಹತ್ತಿದವನು. ಅಲ್ಲಿಯ ಬಜಾರಿನಲ್ಲಿ ಈ ಮೊದಲಾಳಿಯ ಲುಂಗಿ ಅಂಗಡಿಯನ್ನು ಹಲವು ವರ್ಷ ನೋಡಿಕೊಂಡಿದ್ದೆ. ನಾನು ಬಂದ ಮೇಲೆ ಅಂಗಡಿ ನಮ್ಮ ಅಕ್ಕನ ಗಂಡ ಭಾವನ ಕೈಗೆ ಹೋಯಿತು. ಭಾವ ಅಲ್ಲೇ ಉಳಿದುಬಿಟ್ಟಿದ್ದರು. ಇಲ್ಲಿ ಸೇಲಂನಲ್ಲಿ ನಮ್ಮ ಕೇರಿ ಪೂರ್ತಿ ಬರ್ಮಾಕ್ಕೆ ಹೋಗುವ ಲುಂಗಿಯನ್ನೇ ನಂಬಿ ಬದುಕಿತ್ತು. ಬೇಡಿಕೆ ನಿಂತಿತು, ಮಗ್ಗಗಳೂ ನಿಂತವು. ಹಗಲಿನಲ್ಲಿ ಕೇರಿಯೊಳಗೆ ನಡೆದರೆ ಲಾಳಿಯ ಸದ್ದಿಲ್ಲದೆ ಕಿವಿ ಕಿವುಡಾದ ಹಾಗೆ ಅನಿಸುತ್ತಿತ್ತು. ಗಂಡಸರು ಏರ್ಕಾಡು ಬೆಟ್ಟದ ದಾರಿಗೆ ಜಲ್ಲಿ ಒಡೆಯಲು ಹೋಗುತ್ತಿದ್ದರು. ನೇಕಾರನ ಬೆರಳಿಗೆ ಸುತ್ತಿಗೆ ಒಗ್ಗುವುದಿಲ್ಲ. ಅಣ್ಣನ ಹೆಬ್ಬೆರಳು ಜಜ್ಜಿ ಉಗುರು ಕಪ್ಪಾಗಿತ್ತು.

"ಇದನ್ನ ನಮ್ಮೂರಲ್ಲೇ ನೇಯಕ್ಕಾಗುತ್ತಾ?" ಮೊದಲಾಳಿ ಕೇಳಿದರು. "ಲುಂಗಿ ಬೇಡ ಅಂತವ್ರೆ, ಸರಿ. ಇದು ಬೇಕು ಅಂತವ್ರಲ್ಲ? ಅಲ್ಲಿ ನೇಯೋದು ಪತ್ತಲೆ, ಸಾಕಾಗ್ತಾ ಇಲ್ಲ. ಬಜಾರಲ್ಲಿ ಬಂದ ಬಂದಂಗೇ ಖಾಲಿ ಆಗ್ತೈತಂತೆ."

ಅಣ್ಣ ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿದ್ದ ಆಸೆಯನ್ನು ಕಂಡು ನಾನು ಇನ್ನೊಂದು ಮಾತು ಯೋಚಿಸಲಿಲ್ಲ. "ನೋಡ್ತೀನಿ ಮೊದಲಾಳಿ" ಎಂದೆ.

ಆ ಬಟ್ಟೆಯ ಬಗ್ಗೆ ನನಗೆ ಇಷ್ಟು ತಿಳಿದದ್ದು ರಂಗೂನಿನಲ್ಲಿ ನನ್ನ ಪಕ್ಕದ ಅಂಗಡಿಯ ಬರ್ಮೀ ಹೆಂಗಸಿನಿಂದ. ನನಗಿಂತ ವಯಸ್ಸಿನಲ್ಲಿ ದೊಡ್ಡವಳು. ಅವರ ರೂಢಿಯಂತೆ ಅವಳನ್ನು 'ಮಮ' ಎನ್ನುತ್ತಿದ್ದೆ. ಅಕ್ಕ ಎಂದು ಅರ್ಥ. ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ನನಗೆ ಅವರ ದುಂಡು ಅಕ್ಷರ ಕಲಿಸಿದಳು. ಒಂದು ದಿನ ನನ್ನಿಂದ ಕೊಂಡಿದ್ದ ಸೇಲಂ ಲುಂಗಿಗಳನ್ನೆಲ್ಲ ಹಿಂದಕ್ಕೆ ತಂದಿಟ್ಟು, "ಇನ್ನು ಇದನ್ನು ಮಾರುವುದಿಲ್ಲ. ನಿನ್ನ ಮೇಲೆ ಸಿಟ್ಟಲ್ಲ" ಎಂದಳು. ಅವಳ ತಮ್ಮ ಪಕ್ಕದ ಸಯಾಮ್ ದೇಶದ ಗಡಿಯಲ್ಲಿ ದನದ ವ್ಯಾಪಾರ ಮಾಡುವವನು. ಅಲ್ಲಿ ಸಿಪಾಯಿಗಳೂ ಓದಿದವರೂ ಸೇರಿ ಒಂದೇ ಬೆಳಗಿನಲ್ಲಿ ರಾಜನ ಕೈಯಿಂದ ಅಧಿಕಾರ ಕಿತ್ತುಕೊಂಡ ಸುದ್ದಿ ತಂದಾಗ ಅವಳು ಬಜಾರಿಗೆಲ್ಲ ಬೆಲ್ಲ ಹಂಚಿದ್ದಳು. ವರ್ಷಗಳು ಕಳೆದ ಮೇಲೆ ಅದೇ ತಮ್ಮ ಬಂದು, "ಈಗ ಅಲ್ಲಿ ಸಿಪಾಯಿಗಳ ವಿರುದ್ಧ ಬಾಯಿ ಬಿಟ್ಟರೆ ಜೈಲು" ಎಂದ. ಆಗ ಅವಳು ನನಗೆ ಹೇಳಿದ್ದು: "ಕಿತ್ತುಕೊಳ್ಳುವುದು ಕಷ್ಟವಲ್ಲ. ಕಿತ್ತುಕೊಂಡದ್ದು ಯಾರ ಕೈಯಲ್ಲಿ ಉಳಿಯುತ್ತದೆ ಅನ್ನುವುದೇ ಕಷ್ಟ."

"ನಿಮ್ಮ ಕೈಗೇ ಬಂತು ಅಂತಿಟ್ಟುಕೋ. ಆಗ ನಾನೆಲ್ಲಿ?" ಎಂದು ಕೇಳಿದ್ದೆ.

"ನಿನಗೊಂದು ಊರಿದೆಯಲ್ಲ" ಎಂದಳು. ಮುಖದಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ಗಲಭೆಯ ದಿನ ಬೆಳಿಗ್ಗೆ ಬಂದು, "ಇವತ್ತು ಬಾಗಿಲು ತೆಗೆಯಬೇಡ, ಹಡಗುಕಟ್ಟೆಗೆ ಹೋಗು" ಎಂದವಳೂ ಅವಳೇ. ಅಷ್ಟೇ ಹೇಳಿ ತನ್ನ ಅಂಗಡಿಯ ಹಲಗೆ ಜೋಡಿಸತೊಡಗಿದಳು. ನನಗೆ ಅವಳ ಜನ ಗೆಲ್ಲಲಿ ಎಂದೂ ಅನಿಸುತ್ತಿತ್ತು, ಅವಳ ಜನರನ್ನು ಕಂಡರೆ ಹೆದರಿಕೆಯೂ ಆಗುತ್ತಿತ್ತು. ಎರಡನ್ನೂ ಹೊತ್ತುಕೊಂಡೇ ಸೇಲಂಗೆ ಬಂದಿದ್ದೆ.

ಕೆಲಸಕ್ಕೆ ಕೈ ಹಾಕಿದೆ. ಮೊದಲು ಅಂಗಿಯ ಹೊಲಿಗೆ ಬಿಚ್ಚಿ, ಅಂಚಿನಿಂದ ಒಂದೊಂದೇ ಎಳೆ ತೆಗೆದು ಬೆರಳಿನಲ್ಲಿ ಹುರಿ ಬಿಡಿಸಿ ನೋಡಿದೆ. ಉದ್ದದ ಹಾಸಿನ ಎಳೆಗೂ ಅಡ್ಡದ ಹೊಕ್ಕಿನ ಎಳೆಗೂ ದಪ್ಪದಲ್ಲಿ ವ್ಯತ್ಯಾಸವಿಲ್ಲ, ಎರಡೂ ಕೈನೂಲು. ಅಣ್ಣ ಮನೆಯಲ್ಲಿದ್ದ ದಪ್ಪ ಮಿಲ್ ನೂಲಿನಲ್ಲೇ ಒಂದು ತುಂಡು ನೇಯ್ದು ನೋಡಿದ. ಬಟ್ಟೆ ಗೋಣಿಯ ಹಾಗೆ ಬಂತು. ಒರಟುತನ ಬಂತೇ ಹೊರತು ಜೀವ ಬರಲಿಲ್ಲ. ಪಿನ್ನಿಯ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ಸಣ್ಣ ಗಂಟು, ಮತ್ತೆ ತೆಳುವು ಸಿಗುತ್ತದೆ. ಅದು ರಾಟೆಯ ಮುಂದೆ ಕೂತವರ ಬೆರಳಿನಿಂದ ಬರಬೇಕು, ಮಿಲ್ಲಿನಿಂದ ಬರುವುದಿಲ್ಲ.

ಕೈನೂಲು ಬೇಕೆಂದರೆ ತೊಪ್ಪೂರು ಘಾಟಿಯ ಆಚೆಗೆ ಹೋಗಬೇಕು. ಧರ್ಮಪುರಿ ದಾಟಿ ಕಂಬೈನಲ್ಲೂರಿನ ಸುತ್ತಿನ ಹಳ್ಳಿಗಳಲ್ಲಿ ಕುರಿ ಸಾಕುವ ನಮ್ಮ ಕನ್ನಡದವರಿದ್ದಾರೆ. ಗಂಡಸರು ಮಂದೆಯ ಹಿಂದೆ ಹೋದರೆ ಹೆಂಗಸರು ಮನೆಯಲ್ಲಿ ಖಾದಿಗೆಂದು ನೂಲುತ್ತಿದ್ದರು. ಬಸ್ಸು ಘಾಟಿಯಲ್ಲಿ ಉಸಿರು ಕಟ್ಟಿ ನಿಂತು, ನಾವೆಲ್ಲ ಇಳಿದು ತಳ್ಳಿ, ಇಂಜಿನಿಗೆ ನೀರು ಹೊಯ್ದು, ಅಂತೂ ದಾಟಿದೆವು. ಹಳ್ಳಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಉಳಿದವರ ಪರವಾಗಿ ಮಾತಿಗೆ ಬಂದಳು. ನಾನು ತಂದಿದ್ದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇಷ್ಟು ದಪ್ಪಾನಾ? ಖಾದಿಯೋರು ಸಣ್ಣುಕ್ಕೆ ತೆಗೀರಿ ಅಂತ ಬೈತಿದ್ರು, ನೀವು ದಪ್ಪ ಕೇಳ್ತೀರಿ."

"ದಪ್ಪಾನೇ ಬೇಕಮ್ಮ. ಗಂಟು ಬಂದ್ರೆ ಬರ್ಲಿ."

"ಯಾರುಡ್ತಾರಣ್ಣ ಇದನ್ನ?"

ಹೇಳಿದೆ. ಸಮುದ್ರದ ಆಚೆ ಒಂದು ದೇಶ. ಅಲ್ಲಿಯವರು ತಮ್ಮ ರಾಜ್ಯ ತಾವೇ ಆಳಬೇಕು, ತಾವು ನೂತ ಬಟ್ಟೆಯನ್ನೇ ತೊಡಬೇಕು ಎಂದು ಹಟ ಹಿಡಿದಿದ್ದಾರೆ, ಪೊಲೀಸರ ಕೈಲಿ ಪೆಟ್ಟು ತಿಂದಿದ್ದಾರೆ ಎಂದೆ. ಅವಳು ಗಮನವಿಟ್ಟು ಕೇಳಿದಳು.

"ಅವ್ರು ನೂತಿದ್ದೇ ಅವ್ರು ಉಡ್ಬೇಕು ಅಂದ್ರೆ, ನಮ್ ನೂಲು ಯಾಕಣ್ಣ?"

"ಅವ್ರದು ಸಾಲ್ತಾ ಇಲ್ವಂತೆ" ಎಂದೆ. ಅವಳು "ಓ" ಎಂದು ರಾಟೆಯ ಕಡೆ ತಿರುಗಿದಳು. ಉತ್ತರ ಸಾಕಾಯಿತೋ ಇಲ್ಲವೋ ತಿಳಿಯಲಿಲ್ಲ. ಆದರೆ ಊರಿಗೆ ಮರಳುವ ದಾರಿಯುದ್ದಕ್ಕೂ ಅವಳ ಪ್ರಶ್ನೆ ನನ್ನ ಜೊತೆಯಲ್ಲೇ ಕೂತಿತ್ತು.

ನೂಲಿನ ಲಡಿಗಳು ಬಂದವು. ಮುಂದೆ ಬಣ್ಣ. ಹರೂರಿನ ಕಡೆಯ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಬೇಕಾದಷ್ಟು. ತೊಗಲು ಹದ ಮಾಡುವವರು ಅದರ ತೊಗಟೆ ಕೊಳ್ಳುತ್ತಾರೆ. ಆ ತೊಗಟೆಯ ಕಷಾಯದಲ್ಲಿ ನೂಲು ಅದ್ದಿದರೆ ಹೊಂದುವ ಬಣ್ಣ ಬಂದೀತೆಂದು ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿಸಿದೆವು. ಹೊರಗೆ ತೆಗೆದರೆ ನೂಲು ಬೂದಿಗಪ್ಪು. ಕಬ್ಬಿಣಕ್ಕೂ ತೊಗಟೆಯ ರಸಕ್ಕೂ ಆಗಿಬರುವುದಿಲ್ಲವೆಂದು ಅಷ್ಟು ನೂಲು ಹಾಳಾದ ಮೇಲೆ ಗೊತ್ತಾಯಿತು. ಅತ್ತಿಗೆ ಏನೂ ಹೇಳದೆ ಬಚ್ಚಲಿನ ತಾಮ್ರದ ಹಂಡೆಯನ್ನು ಹೊರಗೆ ಉರುಳಿಸಿಕೊಂಡು ಬಂದಳು. ಅದರಲ್ಲಿ ಪಟಿಕದ ನೀರು ಹಾಕಿ ಕುದಿಸಿದಾಗ ಬಣ್ಣ ಹಳದಿಯ ಕಡೆಗೆ ವಾಲಿತು. ಎಲೆಯಡಿಕೆಗೆ ಹಾಕುವ ಕಾಚು ಚೂರು ಬೆರೆಸಿದ ಮೇಲೆ ಸರಿಯಾದ ಗೋಧಿ ಬಣ್ಣ ಕೂತಿತು. ಬಜಾರಿನಲ್ಲಿ ಸಿಗುವ ಆ ಕಾಚು ಬರ್ಮಾದಿಂದಲೇ ಬರುವುದು.

ಹಾಸು ಹೂಡಿದ ಮೇಲೆ ಇನ್ನೊಂದು ತೊಡಕು. ಅಕ್ಕಿ ಗಂಜಿ ಹಚ್ಚಿದ ಕೈನೂಲು, ಹಗ್ಗ ಎಳೆದು ಲಾಳಿ ಹಾರಿಸಿದ ತಕ್ಷಣ ಪಟಪಟ ಕಡಿದುಹೋಯಿತು. ಅಣ್ಣ ರಾಗಿ ಗಂಜಿಗೆ ಒಂದಿಷ್ಟು ಕಡಲೆಕಾಯಿ ಎಣ್ಣೆ ಸೇರಿಸಿ, ಬಿಸಿಲೇರುವ ಮೊದಲೇ ಬೀದಿಯಲ್ಲಿ ಹಾಸು ಚಾಚಿ ಕುಂಚದಿಂದ ತೀಡಿದ. ಆಮೇಲೆ ಅಟ್ಟ ಹತ್ತಿ ಅಪ್ಪನ ಕಾಲದ ಕೈಲಾಳಿ ಹುಡುಕಿ ತಂದ. ಒಂದು ಕೈಯಿಂದ ತೂರಿ ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು. "ಇದ್ರಲ್ಲಿ ಮೆಲ್ಲ ಓಗ್ಬೇಕು ಲೇ. ಮೆಲ್ಲ ಓದ್ರೇ ನೂಲು ಮಾತು ಕೇಳೋದು" ಎಂದ. ನಿಧಾನವಾಗಿ ಬಟ್ಟೆ ಏರಿತು. ಮೊದಲ ತುಂಡನ್ನು ಮಗ್ಗದಿಂದ ಇಳಿಸಿ ರಂಗೂನಿನ ಅಂಗಿಯ ಪಕ್ಕದಲ್ಲಿ ಹರಡಿದಾಗ ಯಾವುದು ಯಾವುದೆಂದು ನನಗೇ ಕ್ಷಣ ಹೊತ್ತು ತಿಳಿಯಲಿಲ್ಲ. ಅಣ್ಣನ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡೆ.

ಬೇರೆ ಮನೆಗಳಿಗೂ ನಾನೇ ಹೋಗಿ ಕಲಿಸಿದೆ. ಕೇರಿಯಲ್ಲಿ ಮತ್ತೆ ಸದ್ದು ಹುಟ್ಟಿತು. ಜಲ್ಲಿ ಒಡೆಯಲು ಹೋದವರು ಒಬ್ಬೊಬ್ಬರೇ ಮಗ್ಗದ ಕುಣಿಗೆ ಇಳಿದರು.

ಆಗ ಮೊದಲಾಳಿ ಮರದ ಅಚ್ಚು ಕೆತ್ತುವವನೊಬ್ಬನನ್ನು ಕರೆದುಕೊಂಡು ಬಂದರು.

"ನಿನ್ಗೆ ಅವರ ಎಳುತ್ತು ಬರೆಯಕ್ಕೆ ಬರುತ್ತಲ್ಲ. 'ನಮ್ಮ ಬರ್ಮಾ ಜನ ನೂತು ನೇಯ್ದದ್ದು' ಅಂತ ಬರ್ಕೊಡು. ಇವ್ನು ಕೆತ್ತುತಾನೆ. ಒಂದೊಂದು ತುಂಡಿನ ಕೊನೇಗೂ ಒತ್ತುಬಿಡೋದು."

ಆ ಕ್ಷಣದವರೆಗೆ ನಾನು ಬಟ್ಟೆಯನ್ನು ಮಾತ್ರ ನೋಡಿದ್ದೆ. ಅಂಥದೇ ಬಟ್ಟೆ ಮಾಡುವುದು ಬೇರೆ, ಅದರ ಮೇಲೆ ಸುಳ್ಳು ಬರೆಯುವುದು ಬೇರೆ ಎಂದು ನನ್ನ ಮನಸ್ಸು ಎಲ್ಲೋ ಗೆರೆ ಎಳೆದುಕೊಂಡಿತ್ತು. ಆ ದಿನಗಳಲ್ಲೇ ಪತ್ರಿಕೆಯಲ್ಲಿ ಓದಿದ್ದೆವು: ಎಣ್ಣೆ ಬಾವಿಗಳ ಕೂಲಿಕಾರರು ನೂರಾರು ಮೈಲಿ ನಡೆದು ರಂಗೂನಿಗೆ ಬರುತ್ತಿದ್ದಾರೆ, ಅವರ ಪರವಾಗಿ ನಿಂತ ಓದುವ ಹುಡುಗರ ಮೇಲೆ ಪೊಲೀಸರು ಕುದುರೆ ನುಗ್ಗಿಸಿದ್ದಾರೆ, ಒಬ್ಬ ಹುಡುಗ ಲಾಠಿ ಪೆಟ್ಟಿಗೆ ಸತ್ತಿದ್ದಾನೆ. ಮಮ ಕಲಿಸಿದ ಅಕ್ಷರದಲ್ಲಿ ಆ ಹುಡುಗರಿಗೆ ಸುಳ್ಳು ಬರೆಯಲು ನನ್ನ ಕೈ ಏಳಲಿಲ್ಲ.

"ನಾನು ಬರೆಯಲ್ಲ ಮೊದಲಾಳಿ. ಸೇಲಂ ಬಟ್ಟೆ ಅಂತಾನೇ ಇಲ್ಲೇ ಮಾರಿ, ಮದರಾಸಲ್ಲಿ ಮಾರಿ."

"ಇಲ್ಲಿ ಯಾರಪ್ಪ ಕೊಳ್ಳೋರು? ಜಪಾನಿನೋನು ಮಿಲ್ಲಲ್ಲಿ ನೇಯ್ದು ಖಾದಿ ಅಂತ ನಮ್ ತಲೇಗೇ ಕಟ್ತಾವ್ನೆ. ನಾವು ಕೈಯಲ್ಲಾದ್ರೂ ನೇಯ್ತಿದೀವಿ."

ಅವರು ಹೋದ ಮೇಲೆ ಅಣ್ಣ ಸಿಟ್ಟಾದ. "ನಮ್ ಜನಾನ ಕಡಿದು ಚರಂಡೀಗೆ ಆಕಿದ್ದು ನೀನೇ ನೋಡಿ ಬಂದಿದೀಯ. ಅವ್ರಿಗಾಗಿ ಇಷ್ಟು ನೋಯ್ತೀಯಾ? ನಮ್ಮ ಒಟ್ಟೆ ನಿನ್ಗೆ ಕಾಣಲ್ವಾ?"

ಕಾಣುತ್ತದೆ ಎಂದಷ್ಟೇ ಹೇಳಿದೆ.

ನಾನು ಬರೆದುಕೊಡದಿದ್ದರೂ ಕೆಲಸ ನಿಲ್ಲಲಿಲ್ಲ. ಕೆಲವು ದಿನ ಕಳೆದು ಮೊದಲಾಳಿಯ ಆಳು ಕೆತ್ತಿದ ಅಚ್ಚು ಹಿಡಿದು ಮನೆ ಮನೆಗೆ ಬಂದು, ನೇಯ್ದಿಟ್ಟಿದ್ದ ತುಂಡುಗಳ ಕೊನೆಗೆ ಕಪ್ಪು ಶಾಯಿಯಲ್ಲಿ ಒತ್ತಿ ಹೋದ. ನಾನು ಅವತ್ತು ಹರೂರಿನಲ್ಲಿ ತೊಗಟೆ ತೂಗಿಸುತ್ತಿದ್ದೆ. ಮರಳಿ ಬಂದು ಅಣ್ಣನ ಮನೆಯ ತುಂಡನ್ನು ತಿರುಗಿಸಿ ಓದಿದೆ. ಇನ್ನೊಮ್ಮೆ ಓದಿದೆ.

ಅದರಲ್ಲಿ ಬರೆದಿದ್ದು: 'ಉತ್ತಮ ಚುಟ್ಟಾ. ಒದ್ದೆಯಾಗದಂತೆ ಇಡಿ.'

ನಾನು ಓಡಿ ಹೋಗಿ ಮೊದಲಾಳಿಗೆ ಹೇಳಿದೆ. ಬಜಾರಿನ ಬೀಡಿ ಚುಟ್ಟಾ ಅಂಗಡಿಯಲ್ಲಿ ಬರ್ಮಾದ ಚುಟ್ಟಾ ಕಟ್ಟಿನ ಮೇಲಿದ್ದ ಕಾಗದವನ್ನು ಅವರು ತಂದಿದ್ದರು. ಇದು 'ಬರ್ಮಾ ಮಾಲು' ಎಂದು ಬರೆದಿದೆ ಎಂದು ಅಂಗಡಿಯವನು ಹೇಳಿದ್ದನ್ನು ನಂಬಿದ್ದರು. ಕೇಳಿ ಅವರ ಮುಖ ಬಿಳಿಚಿತು. ಆದರೆ ಬಹಳ ಹೊತ್ತು ಹಾಗಿರಲಿಲ್ಲ.

"ಹಂಗಾದ್ರೆ ಸರಿಯಾದ್ದು ನೀನೇ ಬರ್ದುಕೊಡು. ಇದರ ಮೇಲೇ ಒತ್ತಿ ಮುಚ್ಚುಬಿಡೋಣ. ನೋಡು ತಂಬಿ, ಮೂಟೆ ಓಗಿ ಇಳಿಯೋದು ನಿನ್ನ ಬಾವನ ಅಂಗಡೀಲಿ. ಬಿಚ್ಚಿ ಮಾರೋನು ಅವ್ನು. ಈಗ ಅವನ ಕುತ್ತಿಗೆ ನಿನ್ನ ಕೈಯಾಗೈತೆ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಅಕ್ಕನಿಗೆ ಮುಟ್ಟಿತ್ತು. ಅವಳು ಜಗಲಿಯಲ್ಲಿ ಕೂತು ಅಳುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಎರಡೂ ಕೈ ಹಿಡಿದುಕೊಂಡಳು. "ಬರ್ದ್ಬಿಡಪ್ಪ. ಎರಡು ಸಾಲು ತಾನೆ? ನಿಮ್ಮ ಬಾವ ಉಳೀಲಿ. ನಿನ್ಗೆ ಪಾಪ ಬಂದ್ರೆ ನಂಗಿರ್ಲಿ."

ಕೇರಿಯ ನೇಕಾರರು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ನಿಂತರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನನಗೆ ಆಗ ಮಮಳ ಯೋಚನೆ ಬರಲಿಲ್ಲ, ಸತ್ತ ಹುಡುಗನದೂ ಬರಲಿಲ್ಲ. ಬಾಗಿಲು ಮುರಿದ ಅಂಗಡಿಯ ಮುಂದೆ ಮುಖ ಕೆಳಗಾಗಿ ಬಿದ್ದಿದ್ದ ಒಬ್ಬ ಹೊರೆಯಾಳಿನ ಬೆನ್ನು ಕಣ್ಣ ಮುಂದೆ ಬಂತು. ನಾನು ಅವರಿಗೆಲ್ಲ ಕೇಳಿಸುವಂತೆ ಹೇಳಿದೆ:

"ಅಕ್ಷರ ಸರಿಯಾಗಿದ್ರೂ ಅಷ್ಟೇ. ಮೂಟೆ ಮದರಾಸಿಂದ ಓಗೋ ಹಡಗಿಂದ ಇಳಿಯುತ್ತೆ. ಇಳಿಸೋರು ನೋಡ್ತಾರೆ, ಲೆಕ್ಕ ಬರೆಯೋರು ನೋಡ್ತಾರೆ. ಒಬ್ಬ ಬಾಯಿ ಬಿಟ್ರೆ ಸಾಕು, ಬಾವನ ಅಂಗಡಿ ಉಳಿಯಲ್ಲ, ಬಾವ ಉಳಿಯಲ್ಲ. ಅವ್ರು ಪ್ರಾಣ ಒತ್ತೆ ಇಟ್ಟು ತೊಡೋ ಬಟ್ಟೆ ಅದು. ಅದ್ರಲ್ಲಿ ಮೋಸ ಮಾಡಿದ್ರು ಅಂತ ತಿಳಿದ್ರೆ ಸುಮ್ನೆ ಬಿಡ್ತಾರಾ? ನಾನು ಬರೆಯಲ್ಲ. ಈ ಬಟ್ಟೆ ಹಡಗು ಹತ್ತಬಾರ್ದು."

ಅಕ್ಕ ನನ್ನ ಕೈ ಬಿಟ್ಟಳು.

ಅಣ್ಣ ಒಳಗೆ ಹೋಗಿ ಹಾಸು ಕತ್ತರಿಸುವ ಚಾಕು ತಂದ. ತಾನೇ ನೇಯ್ದ ತುಂಡುಗಳನ್ನು ಎಳೆದು, ಶಾಯಿ ಬಿದ್ದ ಕೊನೆಯನ್ನು ಒಂದೊಂದಾಗಿ ಕುಯ್ದು ಹಾಕಿದ. ಮುಗಿಸಿ ಚಾಕುವನ್ನು ಪಕ್ಕದ ಮನೆಯವನ ಕೈಗೆ ಕೊಟ್ಟ. ನನ್ನ ಹತ್ತಿರ ಬಂದು, "ನಿನ್ ಬರ್ಮಾಕ್ಕಲ್ಲ ಲೇ, ಬಾವನ್ಗೆ" ಎಂದ.

ನೂಲು ಮೊದಲಾಳಿಯದು, ಹಾಗಾಗಿ ಬಟ್ಟೆಯೂ ಅವರದೇ. ಅವರು ಬಂದು ನೋಡಿದರು, ಬೈದರು, ಕೊನೆ ಕುಯ್ದ ತುಂಡುಗಳನ್ನು ಹೇರಿಕೊಂಡು ಧರ್ಮಪುರಿಯ ಸಂತೆಗೆ ಕಳಿಸಿದರು. ನೇಯ್ದ ಕೂಲಿ ಕೊಡಲಿಲ್ಲ. ಮಗ್ಗಗಳ ಮೇಲೆ ಅರ್ಧ ನೇಯ್ದು ಉಳಿದಿದ್ದ ಹಾಸನ್ನೂ ಕತ್ತರಿಸಿಕೊಂಡು ಹೋದರು. ಇನ್ನು ನಮ್ಮ ಕೇರಿಗೆ ನೂಲು ಕೊಡುವುದಿಲ್ಲವೆಂದರು, ಕೊಡಲೂ ಇಲ್ಲ.

ಆ ವರ್ಷ ಕೆಟ್ಟದಾಗಿ ಕಳೆಯಿತು. ಒಂದೆರಡು ಸಂಸಾರ ಮೇಟೂರಿನ ಕಡೆ ಮಿಲ್ಲಿಗೆ ಹೋದವು. ಅಣ್ಣ ಮತ್ತೆ ಬೆಟ್ಟದ ದಾರಿಗೆ ಹೋದ. ನಾನೂ ಅವನ ಜೊತೆ ಹೋದೆ. ಪಕ್ಕದಲ್ಲೇ ಕೂತು ಕಲ್ಲು ಒಡೆದರೂ ಅವನು ನನ್ನೊಡನೆ ಬೇಕಾದ ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಕೇರಿಯವರು ನನ್ನನ್ನು ಬೈಯಲಿಲ್ಲ. ಆದರೆ ನಾನು ಹೋಗಿ ಜಗಲಿಯಲ್ಲಿ ಕೂತರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು.

ಭಾವ ಜೀವಂತವಾಗಿ ಬಂದರು. ಮಾರಲು ಮಾಲಿಲ್ಲದೆ ಅಂಗಡಿ ಮುಚ್ಚಿ, ಡೆಕ್ಕಿನ ಮೇಲೆ ಮಲಗಿಕೊಂಡು ಸಮುದ್ರ ದಾಟಿ, ಸೊರಗಿ ಕಡ್ಡಿಯಾಗಿ ಬಂದಿಳಿದರು. ಅಕ್ಕ ಕೋಳಿ ಕೊಯ್ದು ಸಾರು ಮಾಡಿದಳು. ನಾನು ತಟ್ಟೆಯ ಮುಂದೆ ಕೂತು, ನಾನು ಮಾಡಿದ್ದು ಸರಿಯಾಯಿತು ಎಂದು ಮೊದಲ ಸಲ ಮನಸ್ಸಿನಲ್ಲೇ ಅಂದುಕೊಂಡೆ.

ಊಟದ ನಡುವೆ ಅಣ್ಣ ನಡೆದದ್ದನ್ನೆಲ್ಲ ಹೇಳಿದ. ಭಾವ ಕೈ ತಡೆದು ನನ್ನನ್ನು ನೋಡಿದರು.

"ಅದಕ್ಕಾ ಮಾಲು ಬರ್ಲಿಲ್ಲ?" ಎಂದರು. "ಬೇರೆಯೋರ್ದು ಬಂತಲ್ಲ. ಪಕ್ಕದ ಸಾಲಿನ ಅಂಗಡಿಯೋನು ತರಿಸ್ದ, ನಮ್ ಕಡೇದೇ ಯಾವ್ದೋ ಊರಿಂದ. ಮೇಲೆ ಸರಿಯಾಗೇ ಬರ್ದಿತ್ತು. ಯಾರೂ ಏನೂ ಕೇಳ್ಲಿಲ್ಲ. ಒಂದೇ ವಾರದಲ್ಲಿ ಓಯ್ತು."

"ಯಾರು ಕೊಂಡ್ರು?" ಎಂದು ಕೇಳಿದೆ.

"ಇನ್ಯಾರು? ಓದೋ ಹುಡುಗ್ರು. ಅದನ್ನೇ ತೊಟ್ಕೊಂಡು ಬೀದೀಲಿ ಕೂತ್ರು, ಅದನ್ನೇ ತೊಟ್ಕೊಂಡು ಪೆಟ್ಟು ತಿಂದ್ರು. ನಾನೇ ಮೂಲೇಲಿ ನಿಂತು ನೋಡ್ದೆ."

ಅಕ್ಕ ಒಲೆಯ ಕಡೆ ತಿರುಗಿಕೊಂಡಳು. ನಾನು ತಟ್ಟೆಯ ಅನ್ನ ನೋಡುತ್ತಿದ್ದೆ. ಅಣ್ಣ ಎದ್ದು ಹೋಗುತ್ತಾನೆ, ಇಲ್ಲವೆ ನನ್ನ ಮೇಲೆ ಕೂಗುತ್ತಾನೆ ಎಂದುಕೊಂಡೆ. ಎರಡೂ ಆಗಲಿಲ್ಲ. ಅವನು ಭಾವನ ಕಡೆ ಬಾಗಿ, ಮೆಲ್ಲಗೆ ಕೇಳಿದ:

"ನೇಯ್ಗೆ ಎಂಗಿತ್ತು, ಬಾವ?"

"ಚೆನ್ನಾಗೇ ಇತ್ತು" ಎಂದರು ಭಾವ. "ಪೊಲೀಸ್ರು ಎಳೆದಾಡಿದ್ರೂ ಹರೀಲಿಲ್ಲ."

ಅಣ್ಣ ತಲೆಯಾಡಿಸಿ, ಜಲ್ಲಿ ಕಲ್ಲಿನಿಂದ ಬಿರಿದ ಬೆರಳುಗಳಲ್ಲಿ ಮತ್ತೆ ಅನ್ನ ಕಲಸತೊಡಗಿದ.